ಬಿಸಿಲಿನ ಜಮಾ-ಖರ್ಚು



ಮನೆಯ ಮೇಲೆ ಸೌರ ಫಲಕ ಹಾಕಿಸಿ, ಬ್ಯಾಟರಿಯಲ್ಲಿ ವಿದ್ಯುತ್ತು ಕೂಡಿಟ್ಟು ಬಳಸುವ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಇಂಜಿನಿಯರನಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಜನರ ಜಮಾ-ಖರ್ಚು ಬರೆಯುತ್ತಲೇ ನಿವೃತ್ತನಾದವನು. ಆದರೆ ಸೌರ ವಿದ್ಯುತ್ತಿನ ಗುಟ್ಟೆಲ್ಲ ಕೊನೆಗೆ ಜಮಾ-ಖರ್ಚಿನ ಗುಟ್ಟೇ ಆಗಿದೆ. ಹಗಲು ಸೂರ್ಯನಾರಾಯಣ ಜಮಾ ಮಾಡುತ್ತಾನೆ, ರಾತ್ರಿ ನಾವು ಖರ್ಚು ಮಾಡುತ್ತೇವೆ. ಬ್ಯಾಟರಿ ಎಂಬುದು ಇವೆರಡರ ನಡುವಿನ ಉಳಿತಾಯ ಖಾತೆ. ಆ ಖಾತೆ ನಡೆಸುವುದನ್ನು ತಿಳಿದವರ ಮನೆಯಲ್ಲಿ ದೀಪ ಉಳಿಯುತ್ತದೆ, ತಿಳಿಯದವರ ಮನೆಯಲ್ಲಿ ಫಲಕ ಮಾತ್ರ ಉಳಿಯುತ್ತದೆ.

ಈಗ ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜದ ಪೇಟೆಗಳಲ್ಲಿ ಎಲ್ಲಿ ನೋಡಿದರೂ ಸೋಲಾರದ ಫಲಕಗಳೇ ಕಾಣುತ್ತವೆ. ನೂಲ, ಹಲಕರ್ಣಿ, ಬಸರ್ಗೆಯಂಥ ನಮ್ಮ ಕನ್ನಡ ಮಾತಿನ ಊರುಗಳಿಗೂ ಏಜೆಂಟರು ಮನೆ ಬಾಗಿಲಿಗೆ ಬರುತ್ತಾರೆ. "ಬಿಲ್ಲು ಶೂನ್ಯ ಮಾಡಿ ಕೊಡುತ್ತೇವೆ" ಅನ್ನುತ್ತಾರೆ. ಬಂದವರಿಗೆ ಚಹಾ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಸಹಿ ಮಾಡುವ ಮೊದಲು ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಮಗೆ ಬೇಕಾದದ್ದು ಬಿಲ್ಲು ಇಳಿಯುವುದೋ, ಕತ್ತಲೆ ಹೋಗುವುದೋ? ಇವೆರಡೂ ಬೇರೆ ಬೇರೆ ರೋಗ, ಎರಡಕ್ಕೂ ಬೇರೆ ಬೇರೆ ಔಷಧ.

ಮೊದಲು ಬಿಲ್ಲಿನ ಮಾತು. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ 'ಪಿಎಂ ಸೂರ್ಯ ಘರ್ ಮುಫ್ತ್ ಬಿಜಲಿ' ಯೋಜನೆ ಆರಂಭಿಸಿತು. 2026-27ರ ಆರ್ಥಿಕ ವರ್ಷದವರೆಗೆ ಅದಕ್ಕೆ ಮಂಜೂರಾತಿ ಇದೆ. ಅದರಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯ ಕಿಲೋವ್ಯಾಟ್‌ಗೆ 18 ಸಾವಿರ, ಹೀಗೆ ಒಟ್ಟು 78 ಸಾವಿರ ರೂಪಾಯಿಯವರೆಗೆ ಅನುದಾನ ಉಂಟು. ಮನೆ ಎಷ್ಟೇ ದೊಡ್ಡದಿರಲಿ, 78 ಸಾವಿರದ ಮೇಲೆ ಇಲ್ಲ. ಬಿಸಿಲು ಚೆನ್ನಾಗಿದ್ದ ದಿನ ಒಂದು ಕಿಲೋವ್ಯಾಟ್ ಫಲಕದಿಂದ ಸುಮಾರು 4 ಯೂನಿಟ್ ವಿದ್ಯುತ್ತು ಸಿಗುತ್ತದೆ. 3 ಕಿಲೋವ್ಯಾಟ್‌ಗೆ ದಿನಕ್ಕೆ 12 ಯೂನಿಟ್ ಅನ್ನಿ. ನಾವು ಬಳಸಿ ಉಳಿದದ್ದು ಮಹಾವಿತರಣದ ತಂತಿಗೆ ಹೋಗುತ್ತದೆ, ರಾತ್ರಿ ನಮಗೆ ಬೇಕಾದದ್ದು ಅದೇ ತಂತಿಯಿಂದ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ನೆಟ್ ಮೀಟರ್ ಬರೆದಿಡುತ್ತದೆ. ಹೆಚ್ಚಾದ ಯೂನಿಟ್ಟನ್ನು ಯಾವ ರೀತಿ ಲೆಕ್ಕ ಹಿಡಿಯುತ್ತಾರೆ ಎಂಬ ನಿಯಮ ಆಗಾಗ ಬದಲಾಗುತ್ತದೆ. ಅದನ್ನು ಏಜೆಂಟರ ಬಾಯಿಂದ ಕೇಳಬೇಡಿ, ಮಹಾವಿತರಣದ ಕಚೇರಿಗೇ ಹೋಗಿ ಕೇಳಿ.

ಇಷ್ಟೆಲ್ಲ ಒಳ್ಳೆಯದೇ. ಆದರೆ ಬಹಳ ಮಂದಿಗೆ ಯಾರೂ ಹೇಳದ ಮಾತೊಂದಿದೆ. ಹೀಗೆ ಬ್ಯಾಟರಿ ಇಲ್ಲದೆ ತಂತಿಗೆ ಜೋಡಿಸಿದ ಸೋಲಾರ, ಲೈನಿನ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ನಡುಹಗಲು ರಣರಣ ಬಿಸಿಲಿದ್ದರೂ ಮನೆಯ ಫ್ಯಾನು ತಿರುಗುವುದಿಲ್ಲ. ನಮ್ಮ ಓಣಿಯ ಒಬ್ಬರು ಮಗಳ ಲಗ್ನಕ್ಕೆ ಮುಂಚೆ ಅವಸರ ಮಾಡಿ ಫಲಕ ಹಾಕಿಸಿದರು. ಅರಿಶಿಣದ ದಿನವೇ ಲೈನು ಹೋಯಿತು. ಮೇಲೆ ಆರು ಫಲಕ ಮಿಂಚುತ್ತಿವೆ, ಕೆಳಗೆ ಬೀಗರು ಬೀಸಣಿಕೆ ಹಿಡಿದು ಕೂತಿದ್ದಾರೆ! "ಯಂತ್ರ ಕೆಟ್ಟಿದೆ" ಎಂದು ಅವರು ಸಿಟ್ಟಾದರು. ಯಂತ್ರ ಕೆಟ್ಟಿರಲಿಲ್ಲ. ಅದು ಹಾಗೆ ನಿಲ್ಲಲೇಬೇಕು. ಕರೆಂಟು ಹೋದಾಗ ಲೈನಮನ್ ಕಂಬ ಹತ್ತಿರುತ್ತಾನೆ. ಆ ಹೊತ್ತಿಗೆ ನಮ್ಮ ಫಲಕದ ವಿದ್ಯುತ್ತು ತಂತಿಗೆ ಹರಿದರೆ ಅವನ ಜೀವಕ್ಕೇ ಅಪಾಯ. ಅವನೂ ಯಾರದೋ ಮನೆಯ ಮಗ. ಅದಕ್ಕಾಗಿ ಲೈನು ಸತ್ತರೆ ಇನ್ವರ್ಟರ್ ತಾನೂ ಬಂದಾಗುವಂತೆ ಮಾಡಿದ್ದಾರೆ.

ಆದ್ದರಿಂದ ಕತ್ತಲೆ ಹೋಗಬೇಕು ಎನ್ನುವವರಿಗೆ ಬ್ಯಾಟರಿ ಬೇಕು. ಅದರಲ್ಲಿ ಎರಡು ದಾರಿ. ಒಂದು, ಲೈನಿನ ಸಂಬಂಧವೇ ಇಲ್ಲದೆ ಫಲಕ, ಬ್ಯಾಟರಿ, ಇನ್ವರ್ಟರ್ ಮೂರರಿಂದಲೇ ನಡೆಯುವ ಪದ್ಧತಿ. ಹೊಲದ ಮನೆಗೆ, ದೂರದ ವಸ್ತಿಗೆ ಇದು ಅನುಕೂಲ. ಇನ್ನೊಂದು, ಲೈನೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್ ಪದ್ಧತಿ. ಲೈನು ಹೋದರೆ ಇನ್ವರ್ಟರ್ ಮನೆಯನ್ನು ತಂತಿಯಿಂದ ಬೇರೆ ಮಾಡಿ ಬ್ಯಾಟರಿಯ ಮೇಲೆ ನಡೆಸುತ್ತದೆ. ಒಂದು ಮಾತು ನೆನಪಿಡಿ. ನಾನು ಹೇಳಿದ ಕೇಂದ್ರದ ಅನುದಾನವನ್ನು ಫಲಕದ ಕಿಲೋವ್ಯಾಟ್ ನೋಡಿ ಕೊಡುತ್ತಾರೆ. ಬ್ಯಾಟರಿಯ ಖರ್ಚು ನಿಮ್ಮ ಕೈಯಿಂದಲೇ ಆಗಬೇಕು.

ಈಗಿನ ಕಾಲದಲ್ಲಿ ಬ್ಯಾಟರಿ ಯಾಕೆ ಎಂದು ಕೆಲವರು ಕೇಳಬಹುದು. ಹಿಂದೆ ಭಾರನಿಯಮನದ ಹೆಸರಿನಲ್ಲಿ ದಿನಕ್ಕೆ ಎಷ್ಟೋ ತಾಸು ಕರೆಂಟು ಇರುತ್ತಿರಲಿಲ್ಲ, ಈಗ ಹಾಗಿಲ್ಲ, ನಿಜ. ಆದರೆ ಮುಂಗಾರಿಗೆ ಮೊದಲು ಬರುವ ಅಡ್ಡಮಳೆ, ಮರಾಠಿಯಲ್ಲಿ 'ವಳೀವ' ಅನ್ನುತ್ತೇವಲ್ಲ, ಅದರ ಗಾಳಿಗೆ ಗಿಡ ಬಿದ್ದರೆ ಹಳ್ಳಿಯಲ್ಲಿ ಲೈನು ಯಾವಾಗ ಬಂದೀತೆಂದು ಹೇಳುವಂತಿಲ್ಲ. ಮೇಲಾಗಿ 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರವನ್ನು ನಾವಾರೂ ಮರೆತಿಲ್ಲ. ಕೊಲ್ಲಾಪುರದ ರಾಜಾರಾಮ ಬಂಧಾರೆಯ ಹತ್ತಿರ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. ಆ ಎರಡೂ ವರ್ಷ ನೀರು 55 ಅಡಿ ದಾಟಿತ್ತು. ನೀರು ಹೊಕ್ಕ ಕಡೆ ಲೈನು ಬಂದು ಮಾಡಲೇಬೇಕಾಯಿತು. ಅಂಥ ಹೊತ್ತಿನಲ್ಲಿ ಒಂದು ದೀಪ, ಒಂದು ಮೊಬೈಲಿನ ಚಾರ್ಜು, ಒಂದು ರೇಡಿಯೋ ಎಷ್ಟು ದೊಡ್ಡ ಆಸರೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಇನ್ನು ಲೆಕ್ಕಕ್ಕೆ ಬರೋಣ. ಪೆನ್ನು ಕಾಗದ ಇದ್ದರೆ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಮನೆಗೆ ಹಾಕುವುದು 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿ. 12ನ್ನು 150ರಿಂದ ಗುಣಿಸಿದರೆ 1800. ಅಂದರೆ ಅದರ ಹೊಟ್ಟೆಯಲ್ಲಿ 1800 ವ್ಯಾಟ್-ತಾಸು, ಸುಮಾರು ಒಂದು ಮುಕ್ಕಾಲು ಯೂನಿಟ್ ಹಿಡಿಯುತ್ತದೆ. ಆದರೆ ಅಷ್ಟನ್ನೂ ದಿನಾ ಬಳಿದು ತೆಗೆದರೆ ಅದು ಬೇಗ ಸಾಯುತ್ತದೆ. ಉಳಿತಾಯ ಖಾತೆಯಲ್ಲಿ ಕನಿಷ್ಠ ಬಾಕಿ ಇಡುವುದಿಲ್ಲವೇ, ಹಾಗೆ ಇಲ್ಲಿ ಅರ್ಧ ಬಿಡಬೇಕು. ಬಳಸಲು ಉಳಿಯುವುದು 900.

ಈಗ ಖರ್ಚಿನ ಕಡೆ ಬನ್ನಿ. 9 ವ್ಯಾಟಿನ ನಾಲ್ಕು ಎಲ್ಇಡಿ ಬಲ್ಬು 5 ತಾಸು ಉರಿದರೆ 180. 70 ವ್ಯಾಟಿನ ಎರಡು ಹಳೆಯ ಫ್ಯಾನು 6 ತಾಸು ತಿರುಗಿದರೆ 840. 60 ವ್ಯಾಟಿನ ಟಿವಿ 2 ತಾಸು ನಡೆದರೆ 120. ಮೊಬೈಲುಗಳಿಗೆ 40. ಒಟ್ಟು 1180. ಇನ್ವರ್ಟರ್ ತನ್ನ ದಲಾಲಿ ತೆಗೆದುಕೊಳ್ಳುತ್ತದೆ, ಅದನ್ನು ನೂರಕ್ಕೆ ಹದಿನೈದು ಎಂದು ಹಿಡಿದರೆ ಬ್ಯಾಟರಿಯಿಂದ ಹೋಗುವುದು ಸುಮಾರು 1390. ಜಮಾ 900, ಖರ್ಚು 1390. ಈ ಖಾತೆ ನಡೆಯುವುದಿಲ್ಲ.

ಇಂಥ ಹೊತ್ತಿನಲ್ಲಿ ಅಂಗಡಿಯವರು ಎರಡನೆಯ ಬ್ಯಾಟರಿ ತೆಗೆದುಕೊಳ್ಳಿ ಅನ್ನುತ್ತಾರೆ. ಸ್ವಲ್ಪ ನಿಲ್ಲಿ. ಎರಡು ಹಳೆಯ ಫ್ಯಾನು ತೆಗೆದು ಬಿಎಲ್‌ಡಿಸಿ ಎಂಬ ಹೊಸ ರೀತಿಯ ಫ್ಯಾನು ಹಾಕಿ. ಅದು ಸುಮಾರು 30 ವ್ಯಾಟ್ ಮಾತ್ರ ತಿನ್ನುತ್ತದೆ. 840 ಇದ್ದದ್ದು 360ಕ್ಕೆ ಇಳಿಯಿತು. ಒಟ್ಟು 1180 ಇದ್ದದ್ದು 700 ಆಯಿತು. ಇನ್ವರ್ಟರಿನ ದಲಾಲಿ ಸೇರಿಸಿದರೂ 820ರ ಹತ್ತಿರ. ಒಂದೇ ಬ್ಯಾಟರಿ ಸಾಕಾಯಿತು. ಹೊಸ ಬ್ಯಾಟರಿಗಿಂತ ಎರಡು ಫ್ಯಾನು ಅಗ್ಗ, ಮತ್ತು ಫ್ಯಾನು ಬ್ಯಾಟರಿಯಂತೆ ನೀರು ಬೇಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೂ ಸರಿ.

ಈ 820ನ್ನು ಮರುದಿನ ತುಂಬಬೇಕಲ್ಲ. ತುಂಬುವಾಗಲೂ ಸ್ವಲ್ಪ ಸೋರುತ್ತದೆ, ಆದ್ದರಿಂದ 1100 ಆದರೂ ಒಳಗೆ ಹೋಗಬೇಕು. 330 ವ್ಯಾಟಿನ ಒಂದು ಫಲಕ ಒಳ್ಳೆಯ ಬಿಸಿಲಿಗೆ ಸುಮಾರು 1300 ಕೊಡುತ್ತದೆ, ಸಾಕು. ಆದರೆ ಆಷಾಢ ಶ್ರಾವಣದಲ್ಲಿ ನಮ್ಮ ಕಡೆ, ಅದರಲ್ಲೂ ಆಜರಾ ಮಗ್ಗುಲಿನ ಊರುಗಳಲ್ಲಿ, ಮೋಡ ಕವಿದು ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಆಗ ಆದಾಯ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ. ಲೈನು ಇಲ್ಲದ ವಸ್ತಿಯ ಮನೆಯವರು ಎರಡು ಫಲಕ ಹಾಕಿಸುವುದು ಲೇಸು. ಮಳೆಗಾಲದಲ್ಲಿ ಟಿವಿಗೆ ಸೂಟಿ ಕೊಡುವುದು ಇನ್ನೂ ಲೇಸು.

ಕೆಲವು ಕೆಲಸಕ್ಕೆ ಮನೆಯ ಬ್ಯಾಟರಿ ಸಲ್ಲದು. ಗೀಜರ್, ಇಸ್ತ್ರಿ, ನೀರಿನ ಮೋಟಾರು ಇದರ ಮೇಲೆ ಹಾಕಬೇಡಿ. ಇಚಲಕರಂಜಿಯ ಅಣ್ಣತಮ್ಮಂದಿರು ಮಗ್ಗ ನಡೆದೀತೇ ಎಂದು ಕೇಳುತ್ತಾರೆ. ಒಂದು ಎಚ್‌ಪಿ ಮೋಟಾರು ಎಂಟು ತಾಸು ಓಡಿದರೆ ಸುಮಾರು 6 ಯೂನಿಟ್ ಬೇಕು. ನಾವು ಮೇಲೆ ಹೇಳಿದ ಬ್ಯಾಟರಿಯಿಂದ ಸಿಗುವುದು ಒಂದು ಯೂನಿಟ್ಟಿಗೂ ಕಡಿಮೆ. ಹೊಲದ ಪಂಪಿಗೆ ಬೇರೆ ಯೋಜನೆಗಳಿವೆ. ಕೇಂದ್ರದ ಪಿಎಂ ಕುಸುಮ್ 2019ರಲ್ಲಿ ಬಂತು, ನಮ್ಮ ರಾಜ್ಯದ 'ಮಾಗೇಲ ತ್ಯಾಲಾ ಸೌರ ಕೃಷಿ ಪಂಪ' ಯೋಜನೆ 2024ರಲ್ಲಿ ಬಂತು. ಆ ಪಂಪುಗಳಿಗೆ ಬ್ಯಾಟರಿ ಬೇಕಾಗಿಲ್ಲ. ಬಿಸಿಲಿದ್ದಾಗ ನೀರೆತ್ತಿ ತೊಟ್ಟಿ ತುಂಬಿಕೊಂಡರಾಯಿತು, ತೊಟ್ಟಿಯೇ ಅಲ್ಲಿ ಬ್ಯಾಟರಿ.

ಫಲಕ ಎಲ್ಲಿ ಹಾಕಬೇಕು? ದಕ್ಷಿಣಕ್ಕೆ ಮುಖ ಮಾಡಿ, ಸುಮಾರು ಹದಿನೈದು ಹದಿನೇಳು ಡಿಗ್ರಿ ಇಳಿಜಾರಿನಲ್ಲಿ. ತೆಂಗಿನ ಗರಿಯ ನೆರಳು, ನೀರಿನ ಟಾಕಿಯ ನೆರಳು ಬೀಳಬಾರದು. ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪನ್ನ ಬಹಳ ಕುಸಿಯುತ್ತದೆ. ಹಂಚಿನ ಮನೆ, ಪತ್ರಾದ ಮನೆ ಇದ್ದವರು ಮೊದಲು ತೊಲೆ ಜಂತಿ ಗಟ್ಟಿ ಇವೆಯೇ ಎಂದು ಬಡಿಗನಿಗೆ ತೋರಿಸಿ. ಅರ್ಥಿಂಗ್ ಸರಿಯಾಗಿ ಮಾಡಿಸಿ. ಇನ್ನು ನಮ್ಮ ಸೀಮೆಯದೇ ಒಂದು ಕಾಟವಿದೆ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ, ಬೆಲ್ಲದ ಗಾಣದಿಂದ ಕಪ್ಪು ಬೂದಿ ಬಂದು ಮಾಳಿಗೆಯ ಮೇಲೆಲ್ಲ ಬೀಳುತ್ತದೆ. ಒಣಹಾಕಿದ ಹಪ್ಪಳದ ಮೇಲೆ ಬಿದ್ದದ್ದು ತಾಯಂದಿರಿಗೆ ಗೊತ್ತು. ಇಚಲಕರಂಜಿಯಲ್ಲಿ ಸೈಜಿಂಗ್ ಚಿಮಣಿಗಳ ಹೊಗೆ, ಹತ್ತಿಯ ಧೂಳು. ಇದೆಲ್ಲ ಫಲಕದ ಕಣ್ಣು ಕಟ್ಟುತ್ತದೆ. ಹಂಗಾಮಿನಲ್ಲಿ ವಾರಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಬರಿಯ ನೀರು ಮತ್ತು ಮೆತ್ತನೆ ಬಟ್ಟೆಯಿಂದ ಒರೆಸಿ. ಕಾದ ಫಲಕದ ಮೇಲೆ ತಣ್ಣೀರು ಹೊಯ್ಯಬೇಡಿ, ಗಾಜು ಸೀಳಬಹುದು. ಪಾತ್ರೆ ತಿಕ್ಕುವ ತಂತಿಯನ್ನು ಮುಟ್ಟಿಸಲೇಬೇಡಿ.

ಬ್ಯಾಟರಿಯ ಆರೈಕೆ ಹೀಗೆ. ಟ್ಯೂಬುಲರ್ ಬ್ಯಾಟರಿಗೆ ಎರಡು ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿಯ ನೀರು, ನಳದ ನೀರು, ಕುದಿಸಿ ಆರಿಸಿದ ನೀರು ಯಾವುದೂ ಬೇಡ. ಆಸಿಡ್ ನೀವಾಗಿ ಹಾಕಬೇಡಿ. ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಅನಿಲ ಹೊರಡುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ. ಆದ್ದರಿಂದ ಗಾಳಿಯಾಡುವ ಕಡೆ ಇಡಿ. ದೇವರ ಮನೆಯ ನೀಲಾಂಜನ, ಒಲೆ, ಊದಿನಕಡ್ಡಿ ಹತ್ತಿರ ಬೇಡ. ಇನ್ವರ್ಟರ್ 'ಬ್ಯಾಟರಿ ಮುಗಿಯಿತು' ಎಂದು ಕೂಗಿದರೆ ಧಾರಾವಾಹಿ ಮುಗಿಯಲಿ ಎಂದು ಕಾಯಬೇಡಿ. ಲಿಥಿಯಂ ಬ್ಯಾಟರಿಗೆ ನೀರು ಬೇಡ, ಅದರ ಹೊಟ್ಟೆಯ ನೂರಕ್ಕೆ ಎಂಬತ್ತು ಭಾಗ ಬಳಸಬಹುದು, ಬಾಳಿಕೆ ಹತ್ತು ವರ್ಷದ ಆಸುಪಾಸು. ಆದರೆ ಬೆಲೆ ಜಾಸ್ತಿ, ಮತ್ತು ಅದಕ್ಕೆ ಹೊಂದುವ ಇನ್ವರ್ಟರೇ ಬೇಕು.

ಪೂರದ ನೀರು ಬರುವ ಊರಿನವರು ಬ್ಯಾಟರಿ ಇನ್ವರ್ಟರ್ ನೆಲದ ಮೇಲೆ ಇಡದೆ ಮೇಲಿನ ಅಟ್ಟಕ್ಕೆ ಅಥವಾ ಮೇಲ್ಮನೆಗೆ ಏರಿಸಿ. ಮನೆ ಬಿಟ್ಟು ಹೋಗುವ ಪ್ರಸಂಗ ಬಂದರೆ ಫಲಕದಿಂದ ಬರುವ ತಂತಿಯ ಸ್ವಿಚ್ಚು ಬಂದು ಮಾಡಿ ಹೋಗಿ. ಒಂದು ಎಚ್ಚರಿಕೆ. ಲೈನು ಇಲ್ಲದಿದ್ದರೂ ಬಿಸಿಲಿದ್ದಾಗ ಫಲಕದ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ನೀರು ಇಳಿದ ಮೇಲೆ ಒದ್ದೆ ತಂತಿಗೆ ಕೈ ಹಚ್ಚದೆ ಮೆಕ್ಯಾನಿಕ್‌ನನ್ನು ಕರೆಸಿ.

ಕೊನೆಗೆ ನನ್ನ ಕಸುಬಿನ ಮಾತು, ಅಂದರೆ ಸಾಲದ ಮಾತು. ನಮ್ಮಂಥ ಗಡಿನಾಡಿನವರಿಗೆ ಒಂದು ಗಮ್ಮತ್ತು ಇದೆ. ಕನ್ನಡದಲ್ಲಿ ಸಾಲ ಅಂದರೆ ಕರ್ಜ, ಮರಾಠಿಯಲ್ಲಿ ಸಾಲ ಅಂದರೆ ವರ್ಷ. ಸೋಲಾರದಲ್ಲಿ ಎರಡೂ ಸಾಲ ಕೂಡಿಯೇ ನೋಡಬೇಕು. ಎಷ್ಟು ಸಾಲ, ಎಷ್ಟು ಸಾಲದವರೆಗೆ!

ಈ ವಿಷಯದಲ್ಲಿ ನಮ್ಮ ನೆರೆಯ ಕರ್ನಾಟಕ ದಾರಿ ತೋರಿಸಿದೆ. 1995ರಲ್ಲಿ ಹರೀಶ ಹಂದೆಯವರು ನೆವಿಲ್ ವಿಲಿಯಮ್ಸ್ ಅವರ ಜೊತೆಗೂಡಿ ಸೆಲ್ಕೋ ಎಂಬ ಕಂಪನಿ ಕಟ್ಟಿ ಹಳ್ಳಿಯ ಬಡ ಮನೆಗಳಿಗೆ ಸೌರ ದೀಪ ಹಾಕತೊಡಗಿದರು. ಬಡವರು ಸಾಲ ತೀರಿಸುವುದಿಲ್ಲ, ಸೋಲಾರ ಬಡವರಿಗಲ್ಲ ಎಂಬ ಮಾತು ಆಗ ಎಲ್ಲ ಕಡೆ ಇತ್ತು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳು ಸಾಲ ಕೊಡಲು ಮುಂದೆ ಬಂದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ನೆರವಿನಿಂದ ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು ಕಡಿಮೆ ಬಡ್ಡಿಯ ಯೋಜನೆ ತಂದಾಗ, ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳು ಸಾಲ ಪಡೆದು ದೀಪ ಹಾಕಿಸಿಕೊಂಡವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿಯಲ್ಲಿ ವ್ಯಾಪಾರ ಮಾಡುವ ಹೆಣ್ಣುಮಗಳೊಬ್ಬಳು ತಮಗೆ ಕಲಿಸಿದ ಪಾಠವನ್ನು ಅವರು ಹೇಳುವುದುಂಟು. ತಿಂಗಳಿಗೆ 300 ರೂಪಾಯಿ ಅಂದರೆ ಆಕೆಗೆ ಭಾರ, ದಿನಕ್ಕೆ 10 ರೂಪಾಯಿ ಅಂದರೆ ಹಗುರ. ಮೊತ್ತ ಒಂದೇ, ಕಟ್ಟುವ ರೀತಿ ಬೇರೆ. ಕೌಂಟರಿನಲ್ಲಿ ಕೂತ ನನ್ನಂಥವರಿಗೆ ಇದರಷ್ಟು ಸತ್ಯವಾದ ಮಾತು ಮತ್ತೊಂದಿಲ್ಲ.

ನೀವೂ ಹಾಗೆಯೇ ಕೇಳಿ. ಮಗ್ಗದ ಕೆಲಸಗಾರನಿಗೆ ವಾರದ ಪಗಾರ, ಹೈನಿನ ಮನೆಗೆ ಹಾಲಿನ ಬಿಲ್ಲು, ಕಬ್ಬಿನವನಿಗೆ ಹಂಗಾಮಿನ ಬಿಲ್ಲು. ರೊಕ್ಕ ಬರುವ ದಿನಕ್ಕೆ ಕಂತು ಹೊಂದಿಸಿ ಕೊಡಿರೆಂದು ಮ್ಯಾನೇಜರರನ್ನು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಅನುದಾನದ ರೊಕ್ಕ ಕೆಲಸ ಮುಗಿದು, ತಪಾಸಣೆ ಆದ ಮೇಲೆ ನಿಮ್ಮ ಖಾತೆಗೇ ಬರುತ್ತದೆ. ಅದನ್ನು ಕೊಡಿಸುತ್ತೇನೆಂದು ಓಟಿಪಿ ಕೇಳುವವರಿಗೆ ದೂರದಿಂದಲೇ ಕೈ ಮುಗಿಯಿರಿ. ಕಾಗದಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಮನೆಯಲ್ಲಿ ಕನ್ನಡ ಮಾತ್ರ ಆಡುವ ಅಜ್ಜ ಅಜ್ಜಿಯರ ಹೆಸರಿನಲ್ಲಿ ಮೀಟರ್ ಇದ್ದರೆ, ಶಾಲೆ ಕಲಿತ ಮೊಮ್ಮಗಳಿಂದ ಒಂದೊಂದು ಸಾಲನ್ನೂ ಓದಿಸಿ, ಅವರಿಗೆ ಕನ್ನಡದಲ್ಲಿ ಹೇಳಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ. ಫಲಕದ, ಇನ್ವರ್ಟರಿನ, ಬ್ಯಾಟರಿಯ ನಂಬರು ಬರೆದ ಪಕ್ಕಾ ಬಿಲ್ಲು ಮತ್ತು ವಾರಂಟಿ ಕಾರ್ಡು ಕಪಾಟಿನಲ್ಲಿಡಿ. ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದನ್ನು ಬರೆಸಿಕೊಳ್ಳಿ.

ಈಗ ಹೇಳುವ ಮಾತನ್ನು ದಯವಿಟ್ಟು ಗಂಟು ಹಾಕಿಕೊಳ್ಳಿ. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಟ್ಯೂಬುಲರ್ ಬ್ಯಾಟರಿ ನಾಲ್ಕೈದು ವರ್ಷ. ಬ್ಯಾಟರಿ ಸತ್ತ ದಿನ ಕೈಯಲ್ಲಿ ರೊಕ್ಕ ಇರುವುದಿಲ್ಲ. ನಾಳೆ ತಂದರಾಯಿತು ಎಂದು ವರ್ಷ ಕಳೆಯುತ್ತದೆ. ಒಳ್ಳೆಯ ಫಲಕ ಮಾಳಿಗೆಯ ಮೇಲೆ ಇದ್ದೂ ಮನೆ ಕತ್ತಲಾಗುತ್ತದೆ, ಕೊನೆಗೆ ಆ ಫಲಕದ ಮೇಲೆ ಮೆಣಸಿನಕಾಯಿ ಒಣಗುತ್ತವೆ. ಹೀಗೆ ನಿಂತುಹೋದ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಸೋಲಾರ ಸೋತದ್ದಲ್ಲ, ಉಳಿತಾಯ ಸೋತದ್ದು. ಅದಕ್ಕೆ ಉಪಾಯ ಸುಲಭ. ಬ್ಯಾಟರಿ ಮನೆಗೆ ಬಂದ ದಿನವೇ ಬ್ಯಾಂಕಿಗೋ ಪೋಸ್ಟಿಗೋ ಹೋಗಿ ಒಂದು ಆರ್‌ಡಿ ಖಾತೆ ತೆಗೆಯಿರಿ. ಹೊಸ ಬ್ಯಾಟರಿಗೆ 15 ಸಾವಿರ ಎಂದು ಹಿಡಿಯಿರಿ. ತಿಂಗಳಿಗೆ 250 ರೂಪಾಯಿಯಂತೆ 60 ತಿಂಗಳು ಕಟ್ಟಿದರೆ 15 ಸಾವಿರ ಆಯಿತು, ಬಡ್ಡಿ ಬೇರೆ. ಬೆಲೆ ಏರಿದರೆ ಆ ಬಡ್ಡಿ ಸ್ವಲ್ಪ ಆಸರೆಯಾಗುತ್ತದೆ. ಆ ಪಾಸ್‌ಬುಕ್ಕಿನ ಮೇಲೆ 'ದೀಪದ ಖಾತೆ' ಎಂದು ಬರೆದಿಡಿ, ಬೇರೆ ಯಾವ ಖರ್ಚಿಗೂ ಅದನ್ನು ಮುಟ್ಟಬೇಡಿ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಿಮಗೆಲ್ಲ ಗೊತ್ತು. ಸೂರ್ಯನು ಕೊಡುವುದಕ್ಕೆ ಬಡ್ಡಿ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ, ಭಾಷೆಯನ್ನೂ ಕೇಳುವುದಿಲ್ಲ. ಕೊಟ್ಟದ್ದನ್ನು ಅಳೆದು ಇಟ್ಟುಕೊಳ್ಳುವುದು, ಅಳೆದು ಬಳಸುವುದು ಮಾತ್ರ ನಮ್ಮ ಕೆಲಸ. ನಿಮ್ಮೆಲ್ಲರ ಮನೆಯ ದೀಪ ಬೆಳಗುತ್ತಿರಲಿ.